ಬೇಕೆಂದೇ ಮಾಡಿದ ಫೌಲೇ? ಅಭಿಮಾನಿ ಬಿಡದ, ರೆಫರಿ ಕೇಳದ ಪ್ರಶ್ನೆ

2019ರ ನವೆಂಬರ್ 3ರಂದು ಎವರ್ಟನ್ ಮತ್ತು ಟಾಟನ್‌ಹ್ಯಾಮ್ ನಡುವೆ ನಡೆದ ಪ್ರೀಮಿಯರ್ ಲೀಗ್ ಪಂದ್ಯದಲ್ಲಿ ಸನ್ ಹ್ಯೂಂಗ್ ಮಿನ್ ಹಿಂದಿನಿಂದ ಜಾರಿಬಂದು ಆಂದ್ರೆ ಗೋಮ್ಸ್ ಅವರ ಕಾಲಿಗೆ ಅಡ್ಡಬಿದ್ದರು. ಆಯತಪ್ಪಿದ ಗೋಮ್ಸ್ ಮುಂದಿದ್ದ ಇನ್ನೊಬ್ಬ ಟಾಟನ್‌ಹ್ಯಾಮ್ ಆಟಗಾರನಿಗೆ ಡಿಕ್ಕಿ ಹೊಡೆದು ಬಿದ್ದರು, ಅವರ ಪಾದದ ಕೀಲು ಮುರಿದು ತಿರುಚಿಕೊಂಡಿತು. ರೆಫರಿ ಮಾರ್ಟಿನ್ ಅಟ್ಕಿನ್ಸನ್ ಮೊದಲು ತೆಗೆದದ್ದು ಎಚ್ಚರಿಕೆಯ ಹಳದಿ ಕಾರ್ಡ್. ಗಾಯದ ಸ್ವರೂಪ ಎಲ್ಲರ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಆಟದಿಂದ ಹೊರಹಾಕುವ ಕೆಂಪು ಕಾರ್ಡ್ ಆಗಿತ್ತು. ಕಣ್ಣೀರಿಡುತ್ತಲೇ ಮೈದಾನ ಬಿಟ್ಟ ಸನ್ ಅವರ ಕೆಂಪು ಕಾರ್ಡನ್ನು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಮೇಲ್ಮನವಿಯ ನಂತರ ರದ್ದುಪಡಿಸಿತು. ಅಭಿಮಾನಿಗಳ ಜಗಳ ಮಾತ್ರ ಹಾಗೆ ರದ್ದಾಗಲಿಲ್ಲ. ಸನ್ ಸ್ವಲ್ಪ ಹೊತ್ತಿನ ಹಿಂದೆ ಆದ ಯಾವುದೋ ತಿಕ್ಕಾಟದ ಸೇಡು ತೀರಿಸಿಕೊಂಡರು ಎಂದು ಕೆಲವರು ವಾದಿಸಿದರೆ, ಅಷ್ಟು ಮೃದು ಸ್ವಭಾವದ ಆಟಗಾರ ಬೇಕೆಂದೇ ಹೀಗೆ ಮಾಡಲು ಸಾಧ್ಯವೇ ಇಲ್ಲ ಎಂದು ಉಳಿದವರು ಹಟ ಹಿಡಿದರು.

ಇಂತಹ ವಾದಗಳು ಎಷ್ಟು ಜೋರಾಗಿ ನಡೆದರೂ ಒಂದು ಸಂಗತಿ ಅವುಗಳ ನಡುವೆ ಕಳೆದುಹೋಗುತ್ತದೆ. ಕಾಲು ಕೊಟ್ಟು ಬೀಳಿಸುವುದು, ತಳ್ಳುವುದು, ಹಿಂದಿನಿಂದ ಟ್ಯಾಕಲ್ ಮಾಡುವುದು (ಚೆಂಡು ಕಸಿಯಲು ಕಾಲು ಚಾಚಿ ನುಗ್ಗುವುದು) ಮುಂತಾದ ಬಹುಪಾಲು ಫೌಲ್‌ಗಳಲ್ಲಿ ಆಟಗಾರನ ಉದ್ದೇಶವೇನಿತ್ತು ಎಂದು ರೆಫರಿ ತೀರ್ಮಾನಿಸಬೇಕಾದ ಅಗತ್ಯವೇ ಇಲ್ಲ. ಫುಟ್‌ಬಾಲಿನ ನಿಯಮಗಳನ್ನು ರೂಪಿಸುವ ಇಫಾಬ್ ಸಂಸ್ಥೆಯ ಹದಿನೇಳು ನಿಯಮಗಳ ಪೈಕಿ ಹನ್ನೆರಡನೆಯದು ಫೌಲ್ ಮತ್ತು ಅನುಚಿತ ವರ್ತನೆಗೆ ಸಂಬಂಧಿಸಿದ್ದು. ಒಂದು ಕಾಲಕ್ಕೆ ಆ ನಿಯಮದಲ್ಲಿ, ಎದುರಾಳಿಯನ್ನು ಉದ್ದೇಶಪೂರ್ವಕವಾಗಿ ಒದ್ದರೆ, ಬೀಳಿಸಿದರೆ, ತಳ್ಳಿದರೆ ಎಂಬ ಒಕ್ಕಣೆಯೇ ಇತ್ತು. 1990ರ ದಶಕದ ಮಧ್ಯಭಾಗದಲ್ಲಿ ಅದನ್ನು ಕೈಬಿಟ್ಟು ಮೂರು ಮೆಟ್ಟಿಲುಗಳ ಅಳತೆಗೋಲನ್ನು ತರಲಾಯಿತು. ಆಟಗಾರ ಎಚ್ಚರ ತಪ್ಪಿ ನಡೆದುಕೊಂಡನೇ, ಎದುರಾಳಿಗೆ ಅಪಾಯವಾದೀತೆಂಬುದನ್ನು ಲೆಕ್ಕಿಸದೆ ನುಗ್ಗಿದನೇ, ಅಥವಾ ಅಗತ್ಯಕ್ಕಿಂತ ಮಿತಿಮೀರಿದ ಬಲ ಬಳಸಿ ಎದುರಾಳಿಯ ಸುರಕ್ಷತೆಗೇ ಸಂಚಕಾರ ತಂದನೇ? ಮೊದಲನೆಯದಕ್ಕೆ ಫ್ರೀ ಕಿಕ್ ಅಥವಾ ಪೆನಾಲ್ಟಿ ಮಾತ್ರ, ಎರಡನೆಯದಕ್ಕೆ ಅದರೊಂದಿಗೆ ಹಳದಿ ಕಾರ್ಡ್, ಮೂರನೆಯದಕ್ಕೆ ಕೆಂಪು.

ವಾಹನ ಚಾಲನೆಯನ್ನು ನೆನೆದರೆ ಈ ವಿಂಗಡಣೆ ಸುಲಭವಾಗಿ ಅರ್ಥವಾಗುತ್ತದೆ. ಒಂದು ಕ್ಷಣ ಗಮನ ತಪ್ಪಿ ಮುಂದಿನ ಗಾಡಿಗೆ ತಾಗಿಸಿದವನೂ, ಕೆಂಪು ದೀಪ ಕಂಡೂ ನುಗ್ಗಿಸಿದವನೂ ಯಾರನ್ನೋ ಗಾಯಗೊಳಿಸಬೇಕೆಂದು ಹೊರಟವರಲ್ಲ. ಆದರೂ ಇಬ್ಬರ ತಪ್ಪು ಒಂದೇ ತೂಕದ್ದಲ್ಲ, ಆ ತೂಕವನ್ನು ಅಳೆಯಲು ಅವರ ಮನಸ್ಸಿನೊಳಗೆ ಇಣುಕಬೇಕಾಗಿಯೂ ಇಲ್ಲ. ರೆಫರಿಯೂ ಹೊರಗೆ ಕಾಣುವುದನ್ನೇ ನೋಡುತ್ತಾರೆ. ಆಟಗಾರ ಎಷ್ಟು ದೂರದಿಂದ, ಎಷ್ಟು ವೇಗದಲ್ಲಿ ಬಂದ? ಕಾಲು ನೆಲಕ್ಕೆ ಅಂಟಿಕೊಂಡಿತ್ತೇ, ಮೊಣಕಾಲಿನ ಎತ್ತರಕ್ಕೆ ಏರಿತ್ತೇ? ತಾಗಿದ್ದು ಪಾದದ ಪಕ್ಕವೋ, ಬೂಟಿನ ತಳದ ಸ್ಟಡ್‌ಗಳೋ? ಮೊಣಕಾಲು ಮಡಚಿ ಬಲವನ್ನು ತಡೆದುಕೊಂಡನೇ, ಅಥವಾ ಕಾಲನ್ನು ನೇರವಾಗಿ ಚಾಚಿ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿದನೇ? ಚೆಂಡು ಆಡುವಷ್ಟು ಹತ್ತಿರದಲ್ಲಿತ್ತೇ, ಅಥವಾ ಆಗಲೇ ದಾಟಿ ಹೋಗಿತ್ತೇ? ಇವೆಲ್ಲಕ್ಕೂ ಕಣ್ಣಿನಿಂದಲೇ ಉತ್ತರ ಸಿಗುತ್ತದೆ. ಚೆಂಡಿಗೆ ಮೊದಲು ಕಾಲು ತಾಗಿಸಿದ ಮಾತ್ರಕ್ಕೆ ಆಟಗಾರ ನಿರಪರಾಧಿ ಎಂದು ಇಂದಿಗೂ ಅನೇಕರು ನಂಬಿರುವುದು ಹಳೆಯ ಚಿಂತನೆಯ ಉಳಿಕೆ. ಚೆಂಡನ್ನು ತಾಗಿಸಿದ ಮೇಲೂ ಅದೇ ರಭಸದಲ್ಲಿ ಎದುರಾಳಿಯ ಕಣಕಾಲನ್ನು ತುಳಿದರೆ ಅದು ಕೆಂಪು ಕಾರ್ಡಿನ ಅಪರಾಧವೇ ಆಗಬಹುದು.

ಈ ಬದಲಾವಣೆ ಏಕೆ ಬೇಕಾಯಿತು ಎಂಬುದಕ್ಕೆ 1982ರ ವಿಶ್ವಕಪ್ ಸೆಮಿಫೈನಲ್ಲಿಗಿಂತ ಒಳ್ಳೆಯ ನಿದರ್ಶನ ನನಗೆ ತೋರದು. ಸೆವಿಲ್‌ನಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಆಡುತ್ತಿದ್ದಾಗ, ಬದಲಿ ಆಟಗಾರನಾಗಿ ಬಂದಿದ್ದ ಪ್ಯಾಟ್ರಿಕ್ ಬ್ಯಾಟಿಸ್ಟನ್ ಗೋಲಿನತ್ತ ಚೆಂಡನ್ನು ಒದ್ದ ಬೆನ್ನಲ್ಲೇ, ಗೋಲ್‌ಕೀಪರ್ ಹರಾಲ್ಡ್ ಶುಮಾಖರ್ ಓಡಿಬಂದು ಹಾರಿ, ಗಾಳಿಯಲ್ಲೇ ಮೈ ತಿರುಗಿಸಿ, ಸೊಂಟದ ಭಾಗದಿಂದ ಅವರ ಮುಖಕ್ಕೆ ಅಪ್ಪಳಿಸಿದರು. ಬ್ಯಾಟಿಸ್ಟನ್ ಪ್ರಜ್ಞೆ ತಪ್ಪಿ ಬಿದ್ದರು, ಹಲ್ಲುಗಳು ಮುರಿದುಹೋದವು. ಚೆಂಡು ಗೋಲಿನ ಪಕ್ಕದಿಂದ ಹೊರಹೋಗಿತ್ತು. ರೆಫರಿ ಗೋಲ್ ಕಿಕ್ ಕೊಟ್ಟು ಆಟ ಮುಂದುವರಿಸಿದರು. ಫೌಲ್ ಇಲ್ಲ, ಪೆನಾಲ್ಟಿ ಇಲ್ಲ, ಕಾರ್ಡೂ ಇಲ್ಲ. ಪಂದ್ಯ 3–3ರಲ್ಲಿ ಸಮವಾಗಿ, ಪೆನಾಲ್ಟಿ ಶೂಟೌಟಿನಲ್ಲಿ ಜರ್ಮನಿ ಗೆದ್ದಿತು. ಚೆಂಡಿಗಾಗಿಯೇ ಹಾರಿದೆ ಎಂಬುದು ಶುಮಾಖರ್ ಅವರ ಸಮರ್ಥನೆ, ಮುಖಕ್ಕೆ ಗುರಿಯಿಟ್ಟೇ ಹಾರಿದರೆಂಬುದು ಅಸಂಖ್ಯಾತ ಫ್ರೆಂಚರ ನಂಬಿಕೆ. ಇವೆರಡರಲ್ಲಿ ಯಾವುದು ನಿಜವಾದರೂ ಇಂದಿನ ನಿಯಮದಡಿ ಫಲ ಒಂದೇ: ಆ ವೇಗ, ಆ ಎತ್ತರ, ಚೆಂಡು ಹೋದ ನಂತರದ ಆ ಡಿಕ್ಕಿ ಇಷ್ಟೇ ಸಾಕು, ಗೋಲ್‌ಕೀಪರ್ ಹೊರಗೆ.

ಉದ್ದೇಶದ ಮಾತು ನಿಯಮದೊಳಗೆ ಅಷ್ಟು ಕಾಲ ಉಳಿದದ್ದಕ್ಕೂ ಒಂದು ಹಿನ್ನೆಲೆಯಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಆಟವನ್ನು ಕಟ್ಟಿದ ಹವ್ಯಾಸಿ ಆಟಗಾರರು ತಮ್ಮನ್ನು ಸಜ್ಜನರೆಂದು ಭಾವಿಸಿದ್ದವರು. ಸಜ್ಜನ ಬೇಕೆಂದೇ ಫೌಲ್ ಮಾಡುವುದಿಲ್ಲ ಎಂಬುದು ಅವರಿಗೆ ಚರ್ಚೆಯೇ ಬೇಡದ ಸತ್ಯವಾಗಿತ್ತು. ಐರ್ಲೆಂಡಿನ ಗೋಲ್‌ಕೀಪರ್ ವಿಲಿಯಂ ಮೆಕ್ರಮ್ ಅವರ ಸಲಹೆಯಿಂದ ಪೆನಾಲ್ಟಿ ಕಿಕ್ 1891ರಲ್ಲಿ ಜಾರಿಗೆ ಬಂದಾಗ ಎದ್ದ ಮುಖ್ಯ ಆಕ್ಷೇಪವೇ ಅದು: ಇಂತಹ ನಿಯಮವನ್ನು ಬರೆಯುವುದೆಂದರೆ, ಗೋಲನ್ನು ತಡೆಯಲು ಮೋಸಕ್ಕೂ ಇಳಿಯುವವರು ಆಟದಲ್ಲಿದ್ದಾರೆ ಎಂದು ಒಪ್ಪಿಕೊಂಡಂತೆ. ಇದ್ದರು ಎಂಬುದನ್ನು ಮುಂದಿನ ನೂರು ವರ್ಷಗಳು ಚೆನ್ನಾಗಿಯೇ ತೋರಿಸಿಕೊಟ್ಟವು.

1980ರ ಎಫ್‌ಎ ಕಪ್ ಫೈನಲ್ಲಿನಲ್ಲಿ ವೆಸ್ಟ್ ಹ್ಯಾಮ್‌ನ ಹದಿನೇಳರ ಹರೆಯದ ಪಾಲ್ ಆ್ಯಲನ್ ಚೆಂಡಿನೊಡನೆ ಒಂಟಿಯಾಗಿ ಗೋಲಿನತ್ತ ನುಗ್ಗುತ್ತಿದ್ದರು. ಆರ್ಸೆನಲ್‌ನ ವಿಲ್ಲಿ ಯಂಗ್ ಹಿಂದಿನಿಂದ ಅವರ ಕಾಲಿಗೆ ಕಾಲು ಕೊಟ್ಟು ಬೀಳಿಸಿದರು. ಇದು ಬೇಕೆಂದೇ ಮಾಡಿದ್ದೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಆದರೂ ಆಗಿನ ಪದ್ಧತಿಯಂತೆ ಯಂಗ್ ಅವರಿಗೆ ಸಿಕ್ಕಿದ್ದು ಎಚ್ಚರಿಕೆ ಮಾತ್ರ. ಗೋಲಾಗಬಹುದಾಗಿದ್ದ ಅವಕಾಶವೊಂದನ್ನು ಹಳದಿ ಕಾರ್ಡಿನ ಬೆಲೆಗೆ ಕೊಂಡುಕೊಳ್ಳಬಹುದೆಂಬುದು ಎಲ್ಲರೆದುರು ಬಯಲಾಯಿತು. ಆ ನಂತರ ಎದ್ದ ಚರ್ಚೆ ಒಂದು ದಶಕ ಕಾಲ ನಡೆದು, ಸ್ಪಷ್ಟವಾದ ಗೋಲಿನ ಅವಕಾಶವನ್ನು ಫೌಲ್ ಮಾಡಿ ತಪ್ಪಿಸಿದರೆ ಕೆಂಪು ಕಾರ್ಡ್ ಎಂಬ ನಿಯಮ 1990ರ ದಶಕದ ಆರಂಭದಲ್ಲಿ ಬಂತು. ಗಮನಿಸಬೇಕಾದ ಸೂಕ್ಷ್ಮವೆಂದರೆ, ಉದ್ದೇಶಪೂರ್ವಕ ಫೌಲ್‌ಗಳನ್ನು ಕಂಡು ರೋಸಿಹೋಗಿ ತಂದ ಈ ನಿಯಮ ಕೂಡ ಉದ್ದೇಶವನ್ನು ಅಳೆಯುವುದಿಲ್ಲ. ಗೋಲಿಗೆ ಎಷ್ಟು ದೂರವಿತ್ತು, ಆಟ ಯಾವ ದಿಕ್ಕಿಗೆ ಸಾಗುತ್ತಿತ್ತು, ಚೆಂಡು ಹತೋಟಿಗೆ ಸಿಗುವಂತಿತ್ತೇ, ಅಡ್ಡ ಬರಬಹುದಾಗಿದ್ದ ಡಿಫೆಂಡರ್‌ಗಳು ಎಷ್ಟು ಮಂದಿ, ಎಲ್ಲಿದ್ದರು ಎಂಬ ನಾಲ್ಕು ಅಂಶಗಳನ್ನು ಅದು ನೋಡುತ್ತದೆ.

ಹಾಗಾಗಿಯೇ ಕೆಲವೊಮ್ಮೆ ಸಾಮಾನ್ಯ ಪ್ರೇಕ್ಷಕನಿಗೆ ವಿಚಿತ್ರವೆನಿಸುವ ತೀರ್ಪುಗಳು ಹೊರಬೀಳುತ್ತವೆ. 2021ರ ಜುಲೈ 11ರಂದು ವೆಂಬ್ಲಿಯಲ್ಲಿ ನಡೆದ ಯೂರೋ ಫೈನಲ್ಲಿನಲ್ಲಿ ಇಟಲಿಯ ಜಾರ್ಜೊ ಕಿಯೆಲ್ಲೀನಿ ತನ್ನನ್ನು ದಾಟಿ ಓಡಿದ ಬುಕಾಯೊ ಸಾಕಾ ಅವರ ಅಂಗಿಯ ಕೊರಳಪಟ್ಟಿಯನ್ನು ಹಿಂದಿನಿಂದ ಹಿಡಿದು ಜಗ್ಗಿ ಕೆಡವಿದರು. ಅದಕ್ಕಿಂತ ನಿಚ್ಚಳವಾದ ಉದ್ದೇಶಪೂರ್ವಕ ಫೌಲ್ ಇರಲಾರದು. ಆ ಕ್ಷಣ ಚೆಂಡನ್ನು ಆಡುವ ಯತ್ನವೇ ಇರಲಿಲ್ಲ. ಆದರೆ ಘಟನೆ ನಡೆದದ್ದು ಗೋಲಿಗೆ ಬಹುದೂರದಲ್ಲಿ, ಅಂಚುಗೆರೆಯ ಬಳಿ. ಹೀಗಾಗಿ ಅದು ಭರವಸೆಯ ದಾಳಿಯೊಂದನ್ನು ತಡೆದ ತಪ್ಪಾಯಿತೇ ಹೊರತು ಗೋಲಿನ ಅವಕಾಶವನ್ನೇ ಕಸಿದುಕೊಂಡದ್ದಾಗಲಿಲ್ಲ. ಹಳದಿ ಕಾರ್ಡಿನಲ್ಲಿ ಮುಗಿಯಿತು. ಇದಕ್ಕೆ ಪ್ರತಿಯಾಗಿ 2020ರ ಜನವರಿಯಲ್ಲಿ ಜೆಡ್ಡಾದಲ್ಲಿ ನಡೆದ ಸ್ಪ್ಯಾನಿಷ್ ಸೂಪರ್ ಕಪ್ ಫೈನಲ್ಲಿನ 115ನೆಯ ನಿಮಿಷದಲ್ಲಿ ಒಂಟಿಯಾಗಿ ಗೋಲಿನತ್ತ ಓಡುತ್ತಿದ್ದ ಆಲ್ವರೊ ಮೊರಾಟಾ ಅವರನ್ನು ರಿಯಲ್ ಮ್ಯಾಡ್ರಿಡ್‌ನ ಫೆಡೆರಿಕೊ ವಾಲ್ವೆರ್ಡೆ ಹಿಂದಿನಿಂದ ಬೀಳಿಸಿದರು. ಕೆಂಪು ಕಾರ್ಡ್ ಬಂತು, ಆದರೆ ಗೋಲಿಲ್ಲದೆ ಸಾಗಿದ್ದ ಪಂದ್ಯ ಶೂಟೌಟಿಗೆ ಹೋಗಿ ಮ್ಯಾಡ್ರಿಡ್ ಗೆದ್ದಿತು. ಪಂದ್ಯದ ಶ್ರೇಷ್ಠ ಆಟಗಾರ ಪ್ರಶಸ್ತಿ ಬಂದದ್ದು ವಾಲ್ವೆರ್ಡೆಗೆ. ಮೈದಾನದಿಂದ ಹೊರನಡೆಯುತ್ತಿದ್ದ ಅವರ ತಲೆ ಸವರಿದ್ದು ಎದುರಾಳಿ ತಂಡದ ಕೋಚ್ ಡಿಯೆಗೊ ಸಿಮಿಯೋನಿ. ಫುಟ್‌ಬಾಲ್ ಬಳಗ ಇಂತಹ ಫೌಲನ್ನು ಒಳಗೊಳಗೇ ಮೆಚ್ಚುತ್ತದೆ. ಬೇಕೆಂದೇ ಮಾಡಿದ ಎಂಬ ಮಾತು ಇಲ್ಲಿ ಬೈಗುಳವಲ್ಲ, ಹೊಗಳಿಕೆ.

ಎದುರಾಳಿಯನ್ನು ತಡೆಯಬೇಕೆಂಬುದು ಒಂದು ಉದ್ದೇಶ, ಅವನಿಗೆ ನೋವು ಮಾಡಬೇಕೆಂಬುದು ಇನ್ನೊಂದು. ವಾಲ್ವೆರ್ಡೆಗೆ ಮೊದಲನೆಯದಿತ್ತು, ಎರಡನೆಯದಿತ್ತೆಂದು ಯಾರೂ ಹೇಳಲಿಲ್ಲ. ಇವೆರಡರ ನಡುವೆ ಮೂರನೆಯ ಸ್ಥಿತಿಯೂ ಉಂಟು: ನೋಯಿಸುವ ಬಯಕೆಯಿಲ್ಲ, ಆದರೆ ನೋವಾಗಬಹುದೆಂದು ತಿಳಿದೂ ಹಿಂಜರಿಯದೆ ನುಗ್ಗುವುದು. ನನ್ನ ದೃಷ್ಟಿಯಲ್ಲಿ ಅಭಿಮಾನಿಗಳ ಜಗಳಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದೇ ಇವುಗಳ ಕಲಸುಮೇಲೋಗರದಿಂದ. ಒಬ್ಬ ತಡೆಯುವ ಉದ್ದೇಶವನ್ನು ಸಾಬೀತುಪಡಿಸಿ ಗೆದ್ದೆನೆಂದುಕೊಳ್ಳುತ್ತಾನೆ, ಇನ್ನೊಬ್ಬ ನೋಯಿಸುವ ಉದ್ದೇಶವನ್ನು ಅಲ್ಲಗಳೆದು ತಾನೇ ಗೆದ್ದೆನೆಂದುಕೊಳ್ಳುತ್ತಾನೆ. ಇಬ್ಬರು ಹೇಳುವುದೂ ಸರಿಯಿರಬಹುದು.

ಹಾಗೆಂದು ಉದ್ದೇಶ ನಿಯಮಪುಸ್ತಕದಿಂದ ಸಂಪೂರ್ಣವಾಗಿ ಮಾಯವಾಗಿಲ್ಲ. ಒದೆಯಲು ಅಥವಾ ಹೊಡೆಯಲು ಯತ್ನಿಸುವುದೂ ಅಪರಾಧವೇ. ಗುರಿ ತಪ್ಪಿದ ಒದೆತವನ್ನು ಯತ್ನವೆಂದು ಗುರುತಿಸಬೇಕಾದರೆ ಉದ್ದೇಶವನ್ನು ಊಹಿಸದೆ ಗತ್ಯಂತರವಿಲ್ಲ. ತನ್ನ ತಂಡದವನೇ ಬೇಕೆಂದು ಕಾಲಿನಿಂದ ಒದ್ದು ಕಳಿಸಿದ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ 1992ರ ನಿಯಮದಲ್ಲೂ ಅದಿದೆ. ಎಲ್ಲಕ್ಕಿಂತ ಹೆಚ್ಚು ತಲೆನೋವು ಕೊಡುವುದು ಹ್ಯಾಂಡ್‌ಬಾಲ್. ಚೆಂಡು ಕೈಗೆ ತಾಗಿದ್ದೆಲ್ಲ ತಪ್ಪಲ್ಲ. ಕೈಯನ್ನು ಚೆಂಡಿನತ್ತ ಒಯ್ದು ಬೇಕೆಂದೇ ತಾಗಿಸಿದರೆ ತಪ್ಪು. ಜೊತೆಗೆ, ಆ ಕ್ಷಣದ ಚಲನೆಗೆ ಅಗತ್ಯವಿಲ್ಲದಂತೆ ಕೈ ಚಾಚಿ ಮೈಯ ಅಗಲವನ್ನು ಅಸಹಜವಾಗಿ ಹೆಚ್ಚಿಸಿಕೊಂಡಿದ್ದರೆ, ಬೇಕೆಂದು ತಾಗಿಸದಿದ್ದರೂ ತಪ್ಪು. ಚೆಂಡು ಆಕಸ್ಮಿಕವಾಗಿಯೇ ಕೈಗೆ ತಾಗಿ ನೇರವಾಗಿ ಗೋಲಾದರೂ ಅದು ಸಲ್ಲದು. ಒಂದೇ ನಿಯಮದಲ್ಲಿ ಉದ್ದೇಶ ಬೇಕಾದ ಭಾಗವೂ ಬೇಡವಾದ ಭಾಗವೂ ಹೆಣೆದುಕೊಂಡಿರುವುದರಿಂದ ವಾರಕ್ಕೊಂದು ವಿವಾದ ಏಳುವುದರಲ್ಲಿ ಅಚ್ಚರಿಯೇನಿಲ್ಲ.

ಆದರೆ 2010ರ ಜುಲೈ 2ರಂದು ಜೊಹಾನ್ಸ್‌ಬರ್ಗಿನಲ್ಲಿ ನಡೆದದ್ದರಲ್ಲಿ ಇಂತಹ ಗೊಂದಲವೇನೂ ಇರಲಿಲ್ಲ. ವಿಶ್ವಕಪ್ ಕ್ವಾರ್ಟರ್ ಫೈನಲ್ಲಿನ ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಘಾನಾ ತಂಡದ ಹೆಡರ್ ಗೋಲಿನೊಳಗೆ ಹೋಗುವುದರಲ್ಲಿತ್ತು. ಗೋಲುಗೆರೆಯ ಮೇಲೆ ನಿಂತಿದ್ದ ಉರುಗ್ವೆಯ ಲೂಯಿಸ್ ಸುವಾರೆಜ್ ಎರಡೂ ಕೈಯೆತ್ತಿ ಅದನ್ನು ತಳ್ಳಿದರು. ಕೆಂಪು ಕಾರ್ಡ್, ಪೆನಾಲ್ಟಿ ಎರಡೂ ನಿಯಮದ ಪ್ರಕಾರವೇ ಬಂದವು. ಅಸಮೋವಾ ಗ್ಯಾನ್ ಒದ್ದ ಪೆನಾಲ್ಟಿ ಗೋಲುಕಂಬದ ಅಡ್ಡಪಟ್ಟಿಗೆ ಬಡಿಯಿತು, ಶೂಟೌಟಿನಲ್ಲಿ ಉರುಗ್ವೆ ಗೆದ್ದಿತು. ಉದ್ದೇಶ ಸೂರ್ಯಸ್ಪಷ್ಟವಾಗಿದ್ದರೂ ಜಗಳ ನಿಲ್ಲಲಿಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಅದು ಮೋಸವೇ, ಅಥವಾ ನಿಗದಿಯಾದ ದಂಡವನ್ನು ತೆತ್ತು ಮಾಡಿದ ತ್ಯಾಗವೇ ಎಂಬ ಕಡೆಗೆ ತಿರುಗಿತು, ಅಷ್ಟೇ.

ಉದ್ದೇಶದ ಪ್ರಶ್ನೆ ನಿಯಮದೊಳಗೆ ಮತ್ತೆ ನುಸುಳಿಬಂದದ್ದು 2016ರಲ್ಲಿ. ಪೆನಾಲ್ಟಿ ಪ್ರದೇಶದೊಳಗೆ ಗೋಲಿನ ಅವಕಾಶ ತಪ್ಪಿಸಿದವನಿಗೆ ಪೆನಾಲ್ಟಿ, ಕೆಂಪು ಕಾರ್ಡ್, ಮುಂದಿನ ಪಂದ್ಯದ ನಿಷೇಧ ಹೀಗೆ ಒಂದೇ ತಪ್ಪಿಗೆ ಮೂರು ಶಿಕ್ಷೆ ಬೀಳುತ್ತದೆಂಬ ದೂರು ಬಹುಕಾಲದಿಂದ ಇತ್ತು. ಆ ವರ್ಷದಿಂದ, ಆಟಗಾರ ಚೆಂಡನ್ನು ಆಡಲು ಯತ್ನಿಸುವಾಗ ಫೌಲ್ ಆಗಿದ್ದರೆ ಪೆನಾಲ್ಟಿಯ ಜೊತೆಗೆ ಹಳದಿ ಕಾರ್ಡ್ ಸಾಕೆಂದಾಯಿತು. ಅಂಗಿ ಹಿಡಿದು ಎಳೆದರೆ, ತಳ್ಳಿದರೆ ಹಿಂದಿನಂತೆ ಕೆಂಪು. 2024ರಲ್ಲಿ ಇದೇ ಔದಾರ್ಯವನ್ನು, ಉದ್ದೇಶವಿಲ್ಲದ ಹ್ಯಾಂಡ್‌ಬಾಲಿನಿಂದ ಗೋಲಿನ ಅವಕಾಶ ತಪ್ಪಿದ ಸಂದರ್ಭಕ್ಕೂ ವಿಸ್ತರಿಸಲಾಯಿತು. ಸುವಾರೆಜ್ ಮಾದರಿಯದಕ್ಕೆ ಕೆಂಪು ಕಾರ್ಡ್ ಹಾಗೆಯೇ ಉಳಿದಿದೆ.

ಇನ್ನು ನೋಡುವವರ ಕಣ್ಣಿನ ವಿಚಾರ. 1951ರಲ್ಲಿ ಅಮೆರಿಕದ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒರಟಾದ ಪಂದ್ಯವೊಂದು ನಡೆಯಿತು. ಅದು ಅಮೆರಿಕನ್ ಫುಟ್‌ಬಾಲ್, ನಮ್ಮ ಚರ್ಚೆಯ ಆಟವಲ್ಲ. ಆದರೆ ಪಾಠ ಇಲ್ಲಿಗೂ ಸಲ್ಲುತ್ತದೆ. ಮನೋವಿಜ್ಞಾನಿಗಳಿಬ್ಬರು ಪಂದ್ಯದ ಚಿತ್ರೀಕರಣವನ್ನು ಎರಡೂ ಕಾಲೇಜುಗಳ ವಿದ್ಯಾರ್ಥಿಗಳಿಗೆ ತೋರಿಸಿ ತಪ್ಪುಗಳನ್ನು ಗುರುತಿಸಲು ಹೇಳಿದಾಗ, ಡಾರ್ಟ್‌ಮತ್ ತಂಡದ ತಪ್ಪುಗಳು ಆ ಕಾಲೇಜಿನವರಿಗೆ ಕಂಡದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಸಂಖ್ಯೆಯಲ್ಲಿ ಪ್ರಿನ್ಸ್‌ಟನ್ ವಿದ್ಯಾರ್ಥಿಗಳಿಗೆ ಕಂಡವು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಹಾಗೆಯೇ ಕಂಡಿತ್ತು. ತನ್ನ ತಂಡದ ಡಿಫೆಂಡರ್ ತಡವಾಗಿ ಕಾಲಿಟ್ಟರೆ ಮೈದಾನದ ಒದ್ದೆ, ದಣಿವು, ಚೆಂಡಿನ ಪುಟಿತ ಎಂದು ಸಂದರ್ಭವನ್ನು ಹೊಣೆಯಾಗಿಸುವ ಅಭಿಮಾನಿ, ಎದುರು ತಂಡದವನು ಅದನ್ನೇ ಮಾಡಿದಾಗ ಅವನ ಗುಣವನ್ನು ಹೊಣೆಯಾಗಿಸುತ್ತಾನೆ. ಗಾಯದ ತೀವ್ರತೆಯೂ ತೀರ್ಪನ್ನು ವಾಲಿಸುತ್ತದೆ. ಕಾಲು ಮುರಿದರೆ ಉದ್ದೇಶವಿದ್ದೇ ಇತ್ತೆನಿಸುತ್ತದೆ, ಬಿದ್ದವನು ಎದ್ದು ಓಡಿದರೆ ಅದೇ ಟ್ಯಾಕಲ್ ಮರೆತೇ ಹೋಗುತ್ತದೆ.

ನಿಧಾನಗತಿಯ ಮರುಪ್ರಸಾರ ಸತ್ಯವನ್ನು ತೋರಿಸುತ್ತದೆಂಬ ಭಾವನೆಯೂ ಅರ್ಧಸತ್ಯ. ಪಾದ ಎಲ್ಲಿ ತಾಗಿತು, ಫೌಲ್ ಪೆನಾಲ್ಟಿ ಪ್ರದೇಶದ ಒಳಗೋ ಹೊರಗೋ ಎಂಬಂತಹ ಸಂಗತಿಗಳಿಗೆ ಅದು ನಿಜಕ್ಕೂ ಉಪಯುಕ್ತ. ಆದರೆ ಅರೆಕ್ಷಣದ ಘಟನೆಯನ್ನು ಹಲವು ಸೆಕೆಂಡುಗಳಿಗೆ ಹಿಗ್ಗಿಸಿದಾಗ ಆಟಗಾರನಿಗೆ ಯೋಚಿಸಲು, ಕಾಲನ್ನು ಹಿಂತೆಗೆದುಕೊಳ್ಳಲು ಬೇಕಾದಷ್ಟು ಸಮಯವಿತ್ತೆಂಬ ಭ್ರಮೆ ಹುಟ್ಟುತ್ತದೆ. ನಿಧಾನಗತಿಯಲ್ಲಿ ನೋಡಿದವರು ಅದೇ ಕೃತ್ಯವನ್ನು ಹೆಚ್ಚು ಉದ್ದೇಶಪೂರ್ವಕವೆಂದು ತೀರ್ಮಾನಿಸುತ್ತಾರೆಂದು 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ವೀಡಿಯೊ ನೋಡಿ ರೆಫರಿಗೆ ನೆರವಾಗುವ ವಿಎಆರ್ ವ್ಯವಸ್ಥೆಯ ನಡಾವಳಿಯಲ್ಲೂ ಇದಕ್ಕೆ ಎಚ್ಚರಿಕೆಯಿದೆ: ತಾಗಿದ ಜಾಗದಂತಹ ಸಂಗತಿಗಳಿಗೆ ನಿಧಾನಗತಿ, ಫೌಲಿನ ತೀವ್ರತೆಯನ್ನು ಅಳೆಯಲು ಸಹಜ ವೇಗ. ಟಿವಿಯಲ್ಲಿ ಆರೇಳು ಬಾರಿ ನಿಧಾನಗತಿಯಲ್ಲೇ ನೋಡಿ ಕುದಿಯುವ ವೀಕ್ಷಕನಿಗೆ ಇಂತಹ ನಿರ್ಬಂಧವೇನೂ ಇಲ್ಲ.

2018ರ ಚಾಂಪಿಯನ್ಸ್ ಲೀಗ್ ಫೈನಲ್ಲನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬಹುದು. ಕೀವ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ ಸೆರ್ಹಿಯೊ ರಾಮೋಸ್ ಮತ್ತು ಲಿವರ್‌ಪೂಲ್‌ನ ಮೊಹಮ್ಮದ್ ಸಲಾಹ್ ಚೆಂಡಿಗಾಗಿ ಸೆಣಸುವಾಗ ಇಬ್ಬರ ತೋಳುಗಳು ತೊಡರಿಕೊಂಡವು. ಇಬ್ಬರೂ ಒಟ್ಟಿಗೆ ಉರುಳಿದರು, ಸಲಾಹ್ ಅವರ ಭುಜಕ್ಕೆ ಪೆಟ್ಟಾಗಿ ಅಳುತ್ತ ಹೊರನಡೆದರು. ರೆಫರಿ ಫೌಲನ್ನೇ ಕೊಡಲಿಲ್ಲ. ರಾಮೋಸ್ ತೋಳನ್ನು ಬಿಗಿಹಿಡಿದೇ ಉರುಳಿದರೆಂದು ಲಿವರ್‌ಪೂಲ್ ಅಭಿಮಾನಿಗಳೂ, ಮೊದಲು ತೋಳು ಹಿಡಿದದ್ದೇ ಸಲಾಹ್ ಎಂದು ಮ್ಯಾಡ್ರಿಡ್ ಕಡೆಯವರೂ ವಾದಿಸಿದರು. ಚಿತ್ರಗಳಿಂದ ಹೇಳಬಹುದಾದದ್ದು ಇಷ್ಟು: ತೋಳುಗಳು ಸಿಕ್ಕಿಕೊಂಡಿದ್ದವು, ಬೀಳುವಾಗಲೂ ರಾಮೋಸ್ ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳಲಾಗಲಿಲ್ಲವೋ, ಬಿಡಿಸಿಕೊಳ್ಳಲು ಮನಸ್ಸಿರಲಿಲ್ಲವೋ ಎಂಬುದನ್ನು ಯಾವ ಕ್ಯಾಮೆರಾ ಕೋನವೂ ಹೇಳದು. ಹಿಡಿದೆಳೆದದ್ದಕ್ಕೆ ಫ್ರೀ ಕಿಕ್ ಕೊಡಬಹುದಿತ್ತೇ ಎಂದು ಕೇಳಿದರೆ, ಕೊಟ್ಟಿದ್ದರೆ ತಪ್ಪಾಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಭುಜ ಕಳಚಲೆಂದೇ ಮಾಡಿದರೇ ಎಂದು ಕೇಳಿದರೆ, ಅದನ್ನು ನಿರ್ಧರಿಸುವ ಸಾಧನ ಯಾರ ಕೈಯಲ್ಲೂ ಇಲ್ಲ.

ಆಟಗಾರನೇ ಬಾಯಿಬಿಟ್ಟರೆ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. 2001ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರಾಯ್ ಕೀನ್, ಮ್ಯಾಂಚೆಸ್ಟರ್ ಸಿಟಿಯ ಆಲ್ಫ್ ಇಂಗೆ ಹಾಲಂಡ್ ಅವರ ಮೊಣಕಾಲಿಗೆ ಸ್ಟಡ್‌ಗಳಿಂದ ಅಪ್ಪಳಿಸಿ ಕೆಂಪು ಕಾರ್ಡ್ ಪಡೆದರು. ಮೂರು ಪಂದ್ಯಗಳ ನಿಷೇಧದೊಂದಿಗೆ ಪ್ರಕರಣ ಮುಗಿದಿತ್ತು. 1997ರಲ್ಲಿ ಕೀನ್ ಗಾಯಗೊಂಡು ಬಿದ್ದಿದ್ದಾಗ ನಟಿಸುತ್ತಿದ್ದಾನೆಂದು ಹಾಲಂಡ್ ಜರೆದದ್ದಕ್ಕೆ ಇದು ಪ್ರತೀಕಾರವಾಗಿತ್ತೆಂದು ಓದುಗರಿಗೆ ಅರ್ಥವಾಗುವಂತೆ ಮರುವರ್ಷ ಕೀನ್ ಅವರ ಆತ್ಮಚರಿತ್ರೆ ಹೊರಬಂತು. ಫುಟ್‌ಬಾಲ್ ಅಸೋಸಿಯೇಷನ್ ಪ್ರಕರಣವನ್ನು ಮತ್ತೆ ತೆರೆದು ಇನ್ನೂ ಐದು ಪಂದ್ಯಗಳ ನಿಷೇಧ ಮತ್ತು 1,50,000 ಪೌಂಡ್ ದಂಡ ವಿಧಿಸಿತು. ಟ್ಯಾಕಲ್ ಬದಲಾಗಿರಲಿಲ್ಲ, ಅದರ ಚಿತ್ರಗಳೂ ಬದಲಾಗಿರಲಿಲ್ಲ. ಹೊಸದಾಗಿ ಸೇರಿದ್ದು ಮಾಡಿದವನ ಮಾತು ಮಾತ್ರ.

ರಾಮೋಸ್ ಕೂಡ ಒಮ್ಮೆ ಹೀಗೆಯೇ ಸಿಕ್ಕಿಬಿದ್ದರು. 2019ರ ಫೆಬ್ರುವರಿಯಲ್ಲಿ ಚಾಂಪಿಯನ್ಸ್ ಲೀಗ್‌ನಲ್ಲಿ ಆಯಾಕ್ಸ್ ವಿರುದ್ಧ ಆಮ್ಸ್ಟರ್‌ಡ್ಯಾಮ್‌ನಲ್ಲಿ 2–1ರಿಂದ ಗೆಲ್ಲುತ್ತಿದ್ದಾಗ, ಪಂದ್ಯ ಮುಗಿಯುವ ಹೊತ್ತಿಗೆ ಫೌಲ್ ಮಾಡಿ ಹಳದಿ ಕಾರ್ಡ್ ಪಡೆದರು. ಹಳದಿ ಕಾರ್ಡ್‌ಗಳು ಕೂಡಿ ಬೀಳುವ ನಿಷೇಧವನ್ನು ಆಯಾಕ್ಸ್ ವಿರುದ್ಧದ ಮರುಪಂದ್ಯದಲ್ಲೇ ಮುಗಿಸಿಕೊಂಡು, ಮುಂದಿನ ಸುತ್ತಿಗೆ ಹೊರೆಯಿಲ್ಲದೆ ಹೋಗಬಹುದೆಂಬ ಲೆಕ್ಕಾಚಾರ ಇದ್ದಂತೆ ಕಂಡಿತು, ಪಂದ್ಯದ ನಂತರ ಅವರಾಡಿದ ಮಾತುಗಳೂ ಅದನ್ನೇ ಸೂಚಿಸಿದವು. ಆಮೇಲೆ ಅವರು ಅದನ್ನು ಅಲ್ಲಗಳೆದರೂ, ಬೇಕೆಂದೇ ಕಾರ್ಡ್ ಪಡೆದರೆಂದು ತೀರ್ಮಾನಿಸಿದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್ಎ ನಿಷೇಧವನ್ನು ಎರಡು ಪಂದ್ಯಗಳಿಗೆ ಏರಿಸಿತು. ಎರಡನೆಯ ಪಂದ್ಯದ ನಿಷೇಧ ಆ ಋತುವಿನಲ್ಲಿ ಲೆಕ್ಕಕ್ಕೇ ಬರಲಿಲ್ಲ. ರಾಮೋಸ್ ಇಲ್ಲದ ರಿಯಲ್ ಮ್ಯಾಡ್ರಿಡ್ ತವರು ಮೈದಾನದಲ್ಲಿ 1–4ರಿಂದ ಸೋತು ಟೂರ್ನಿಯಿಂದಲೇ ಹೊರಬಿದ್ದಿತ್ತು.